ಚಿನ್ನ ಗೆದ್ದ ಹುಡುಗಿ ಎಲ್ಲಿ ಹೋದಳು?

ಘಟಿಕೋತ್ಸವದ ಮಾರನೇ ದಿನ ಪೇಪರ್ ತೆಗೆದರೆ ಪ್ರತಿ ವರ್ಷ ಅದೇ ಫೋಟೋ. ಕೊರಳ ತುಂಬಾ ಪದಕ, ಮೈಮೇಲೆ ಗೌನು, ಪಕ್ಕದಲ್ಲಿ ಕಣ್ಣೊರೆಸಿಕೊಳ್ಳೋ ಅಪ್ಪ ಅಮ್ಮ. ಹೆಡ್ಡಿಂಗೂ ಅದೇ: 'ಹುಡುಗಿಯರದ್ದೇ ಮೇಲುಗೈ'. ಪಿಯುಸಿ ರಿಸಲ್ಟ್ ದಿನವೂ ಅಷ್ಟೇ. 2023ರಲ್ಲಿ ಹುಡುಗಿಯರು ಶೇ. 80.25 ಪಾಸು, ಹುಡುಗರು ಶೇ. 69.05. ಅವತ್ತು ಟೀ ಬ್ರೇಕಲ್ಲಿ ಒಬ್ಬ ಅಂದ, "ಇನ್ನೆಲ್ಲಿದೆ ಗುರು ಅಸಮಾನತೆ? ಪಾಪ ಅನ್ನಬೇಕಾಗಿರೋದು ಈಗ ನಮ್ಮನ್ನ."

ಹನ್ನೊಂದು ಜನರಲ್ಲಿ ಇಬ್ಬರೇ ಹುಡುಗಿಯರಿರೋ ನಮ್ಮ ಟೀಮಲ್ಲಿ ಕೂತು ಈ ಮಾತು!

ಹುಡುಗರು ಹಿಂದೆ ಬೀಳ್ತಿರೋದು ಸುಳ್ಳಲ್ಲ. ಪಿಯುಸಿ ಡುಮ್ಕಿ ಹೊಡೆದು ಬೆಂಗಳೂರಲ್ಲಿ ಡೆಲಿವರಿ ಬ್ಯಾಗ್ ಹೊತ್ತಿರೋರು ನಮ್ಮೂರಲ್ಲೂ ಇದ್ದಾರೆ. ಅವರ ಪರ ಜಗಳಕ್ಕೂ ನಾನು ಬರ್ತೀನಿ. ಆದರೆ ಅವರನ್ನ ಅಡ್ಡ ಇಟ್ಟುಕೊಂಡು ಹುಡುಗಿಯರ ಲೆಕ್ಕ ಮುಗೀತು ಅನ್ನಬೇಡಿ. ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆ ಪ್ರಕಾರ 2020-21ರಲ್ಲಿ ಓದುತ್ತಿದ್ದ 4.14 ಕೋಟಿ ಜನರಲ್ಲಿ 2.01 ಕೋಟಿ ಹೆಣ್ಣುಮಕ್ಕಳು. ಹೆಚ್ಚೂಕಮ್ಮಿ ಅರ್ಧ. ಬಿ.ಟೆಕ್‌ಗೆ ಬಂದರೆ ಮೂರನೇ ಒಂದು ಪಾಲೂ ಇಲ್ಲ. ಅದೇ ವರ್ಷದ ಕಾರ್ಮಿಕ ಸಮೀಕ್ಷೆ ನೋಡಿ: ನಗರಗಳಲ್ಲಿ 15 ವರ್ಷ ದಾಟಿದ ಹೆಂಗಸರಲ್ಲಿ ಕೆಲಸದಲ್ಲಿರೋರು, ಹುಡುಕ್ತಿರೋರು ಇಬ್ಬರನ್ನೂ ಸೇರಿಸಿದರೆ ನೂರಕ್ಕೆ 23.

ಎಸ್ಸೆಸ್ಸೆಲ್ಸಿಯಲ್ಲಿ ನನ್ನಕ್ಕನ ಮಾರ್ಕ್ಸು ನನಗಿಂತ 41 ಜಾಸ್ತಿ. ಸೈನ್ಸ್ ಓದೋಕೆ ತುಮಕೂರಲ್ಲಿ ಹಾಸ್ಟೆಲ್ ಸೇರಬೇಕಿತ್ತು. "ಹೆಣ್ಣುಡುಗಿನ ಅಷ್ಟು ದೂರ ಬಿಡೋಕಾಗಲ್ಲ" ಅಂದರು ಅಪ್ಪ. ಎರಡೇ ವರ್ಷ ಕಳೆದು ಅದೇ ಅಪ್ಪ ಅದೇ ತುಮಕೂರಲ್ಲಿ ನನಗೆ ಹಾಸ್ಟೆಲ್ ಹುಡುಕಿದರು. ಬಿಇಗೆ ಸಾಲವನ್ನೂ ಮಾಡಿದರು. ಅಕ್ಕ ಹತ್ತಿರದ ಕಾಲೇಜಲ್ಲಿ ಬಿ.ಎ. ಮಾಡಿದಳು. ಅವಳ ಘಟಿಕೋತ್ಸವಕ್ಕೆ ಅವಳೇ ಹೋಗಲಿಲ್ಲ, ಸರ್ಟಿಫಿಕೇಟು ಪೋಸ್ಟಲ್ಲಿ ಬಂತು. ಆ ಡಿಗ್ರಿ ಉಪಯೋಗಕ್ಕೆ ಬಂದಿದ್ದು ಒಂದೇ ಕಡೆ: ಲಗ್ನಪತ್ರಿಕೆಯಲ್ಲಿ, 'ಚಿ.ಸೌ.' ಅಂತ ಶುರುವಾಗೋ ಹೆಸರಿನ ಮುಂದೆ. ಗಂಡಿನ ಕಡೆಯವರು ಓದಿದ ಹುಡುಗಿನೇ ಬೇಕು ಅಂದಿದ್ದರು. ಕೆಲಸಕ್ಕೆ ಕಳಿಸಲ್ಲ ಅಂತಲೂ ಅಂದಿದ್ದರು.

ನಾನು ಆವತ್ತು ಸುಮ್ಮನಿದ್ದೆ. ಸುಮ್ಮನಿದ್ದ ಲಾಭ ಈಗಲೂ ಪ್ರತಿ ತಿಂಗಳು ಸಂಬಳವಾಗಿ ನನ್ನ ಅಕೌಂಟಿಗೆ ಬೀಳುತ್ತೆ.

ಅದಕ್ಕೇ ವಿಶ್ವವಿದ್ಯಾಲಯಗಳಿಗೆ ಒಂದು ಕೇಳಿಕೆ. ಈ ಸಲ ವೇದಿಕೆ ಮೇಲೆ ಪದಕ ಗೆದ್ದವರ ಹೆಸರು ಓದೋವಾಗ, ಹತ್ತು ವರ್ಷದ ಹಿಂದೆ ಗೆದ್ದವರ ಲೆಕ್ಕವನ್ನೂ ಓದಿ. ಎಷ್ಟು ಜನ ಕೆಲಸದಲ್ಲಿದ್ದಾರೆ, ಎಷ್ಟು ಜನ ಮದುವೆ ಆದಮೇಲೆ ಬಿಟ್ಟರು, ಎಷ್ಟು ಜನಕ್ಕೆ ಅರ್ಜಿ ಹಾಕೋಕೂ ಬಿಡಲಿಲ್ಲ. ಗೌನು ಹಾಕಿಕೊಂಡು ಕೂತ ಹುಡುಗರೂ ಕೇಳಿಸಿಕೊಳ್ಳಲಿ. ಹೆಡ್ಡಿಂಗ್ ಆಮೇಲೆ ಕೊಡಿ.