ದುಡ್ಡು ಕಟ್ಟಿದ ಮನೆ ನಮ್ಮ ಹೆಸರಿಗೆ ಬರಲಿ: ದುಬೈಯಲ್ಲಿ ಫ್ಲ್ಯಾಟ್ ಕೊಳ್ಳುವ ಕನ್ನಡಿಗರ ಹಕ್ಕೊತ್ತಾಯ ಪತ್ರ

ಭಾರತೀಯ ರಿಸರ್ವ್ ಬ್ಯಾಂಕ್, ಕರ್ನಾಟಕ ಸರ್ಕಾರ ಮತ್ತು ದುಬೈನ ಭಾರತೀಯ ಕಾನ್ಸುಲೇಟ್ ಇವರಿಗೆ:

ಊರಲ್ಲಿ ಪಹಣಿ ನೋಡದೆ, ಇ.ಸಿ. ತೆಗೆಸದೆ ಒಂದು ಗುಂಟೆಯನ್ನೂ ಕೊಳ್ಳದ ನಾವು, ದುಬೈಯಲ್ಲಿ ಇನ್ನೂ ಪಾಯ ಏಳದ ಕಟ್ಟಡದ ಫ್ಲ್ಯಾಟಿಗೆ ಬೆಂಗಳೂರಿನ ಹೋಟೆಲಿನಲ್ಲಿ ಕೂತೇ ಮುಂಗಡ ಕೊಡುತ್ತಿದ್ದೇವೆ. ದುಬೈ ಕಾನೂನೇನೂ ಸಡಿಲವಲ್ಲ. ಕಟ್ಟುತ್ತಿರುವ ಮನೆಯ ಮಾರಾಟವು ಅಲ್ಲಿನ ಭೂ ಇಲಾಖೆಯ ಮಧ್ಯಂತರ ನೋಂದಣಿಗೆ (ಎಲ್ಲರ ಬಾಯಲ್ಲಿ ‘ಉಕೂದ್’) ಸೇರದಿದ್ದರೆ 2008ರ 13ನೇ ಕಾನೂನಿನಂತೆ ಅಸಿಂಧು. ಬುಕಿಂಗ್ ಫಾರಂ, ರಸೀದಿ, ಏಜೆಂಟನ ವಾಟ್ಸ್ಆ್ಯಪ್ ಭರವಸೆ, ಯಾವುದೂ ಮಾಲೀಕತ್ವವಲ್ಲ. ಇಲ್ಲಿ ದುಡ್ಡು ಎತ್ತುವವನ ಮೇಲೆ ಅಲ್ಲಿನ ಕಾನೂನಿನ ಕೈ ಸುಲಭಕ್ಕೆ ಎಟುಕುವುದಿಲ್ಲ. ನಮ್ಮ 2016ರ ರೇರಾ ಕಾಯ್ದೆಗೆ ದುಬೈ ಕಟ್ಟಡ ಲೆಕ್ಕಕ್ಕಿಲ್ಲ. ಆದ್ದರಿಂದ:

1. ವಿದೇಶದ ಮನೆ ಮಾರುವ ಪ್ರದರ್ಶನಗಳಿಗೆ ರಾಜ್ಯದಲ್ಲಿ ಪೂರ್ವಾನುಮತಿ ಕಡ್ಡಾಯವಾಗಲಿ. ದುಬೈ ಭೂ ಇಲಾಖೆ ಕೊಟ್ಟ ಯೋಜನೆಯ ನೋಂದಣಿ ಸಂಖ್ಯೆ, ಎಸ್ಕ್ರೋ ಖಾತೆ (ಕೊಂಡವರ ಹಣವನ್ನು ಆ ಯೋಜನೆಗೇ ಮೀಸಲಿಡುವ ಖಾತೆ) ಸಂಖ್ಯೆ, ಏಜೆಂಟನ ಪರವಾನಗಿ ಮಳಿಗೆಯ ಮುಂದೆಯೇ ಕಾಣಬೇಕು.

2. ಕಟ್ಟುತ್ತಿರುವ ಮನೆಗೆಂದು ಹೋಗುವ ಹಣವನ್ನು ಬ್ಯಾಂಕುಗಳು ಆ ಯೋಜನೆಯ ಎಸ್ಕ್ರೋ ಖಾತೆಗೆ ಮಾತ್ರ ಕಳಿಸಲಿ. ಅಂಥ ಖಾತೆ ಇರಲೇಬೇಕೆಂದು ದುಬೈ 2007ರಲ್ಲೇ ಕಾನೂನು ಮಾಡಿದೆ. ಹೊರದೇಶಕ್ಕೆ ಹಣ ಕಳಿಸಲು ವರ್ಷಕ್ಕೆ ತಲಾ 2.5 ಲಕ್ಷ ಡಾಲರ್ ಮಿತಿಯನ್ನು ಕಾಯುವ, 10 ಲಕ್ಷ ರೂಪಾಯಿ ದಾಟಿದ್ದಕ್ಕೆ ಶೇ 20 ಟಿಸಿಎಸ್ (ಮೂಲದಲ್ಲೇ ವಸೂಲಿಯಾಗುವ ತೆರಿಗೆ) ಹಿಡಿಯುವ ಬ್ಯಾಂಕಿಗೆ ಇನ್ನೊಂದು ಸಂಖ್ಯೆ ತಾಳೆ ನೋಡುವುದು ಹೊರೆಯಾಗದು. (ಟಿಸಿಎಸ್ ತಪ್ಪಿಸಲು ಹವಾಲಾ ಹಿಡಿದವರ ಪರ ಈ ಪತ್ರ ಮಾತಾಡುವುದಿಲ್ಲ.)

3. ಶೇ 4ರ ನೋಂದಣಿ ಶುಲ್ಕ ಸಾಮಾನ್ಯವಾಗಿ ಕೊಂಡವರ ತಲೆಗೇ ಬರುತ್ತದೆ. ಅದನ್ನು ಕಟ್ಟಿದ 30 ದಿನದೊಳಗೆ ಉಕೂದ್ ಪ್ರಮಾಣಪತ್ರ ಕೈಸೇರಬೇಕು. ಸೇರದಿದ್ದರೆ ದೂರನ್ನು ಭೂ ಇಲಾಖೆಗೆ ಮುಟ್ಟಿಸಲು ಕಾನ್ಸುಲೇಟಿನಲ್ಲಿ ಕನ್ನಡ ಬಲ್ಲ ಸಿಬ್ಬಂದಿ ಇರಲಿ.

4. ಹೆಂಡತಿಯ ಪಾಲಿನ ಹಣವೂ ಹೋಗಿದ್ದರೆ ಹಕ್ಕುಪತ್ರದಲ್ಲಿ ಅವಳ ಹೆಸರೂ ಪಾಲೂ ಇರಲಿ. ಹಣ ಇಬ್ಬರದು, ಹೆಸರು ಒಬ್ಬರದು ಎಂಬ ಮನೆಗಳು ನಮ್ಮಲ್ಲೇ ಇವೆ.

5. ವಿದೇಶದ ಆಸ್ತಿಯನ್ನು ರಿಟರ್ನ್‌ನಲ್ಲಿ ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. 20 ಲಕ್ಷದೊಳಗಿನ ಆಸ್ತಿಗೆ ಈಚೆಗೆ ಕೊಟ್ಟ ವಿನಾಯಿತಿ ಮನೆಗೆ ಅನ್ವಯಿಸದು. ಹಣ ಕಳಿಸುವ ದಿನವೇ ಬ್ಯಾಂಕು ಇದನ್ನು ಕನ್ನಡದಲ್ಲಿ ಬರೆದುಕೊಡಲಿ.

ಎರಡನೆಯ ಬೇಡಿಕೆಗೆ ಹೊಸ ಕಾಯ್ದೆ ಬೇಕಿಲ್ಲ, ರಿಸರ್ವ್ ಬ್ಯಾಂಕಿನ ಒಂದು ಸುತ್ತೋಲೆ ಸಾಕು. ಅದನ್ನು ಈ ಹಣಕಾಸು ವರ್ಷದಲ್ಲೇ ಹೊರಡಿಸಿ.