ಬೆಕ್ಕಿಗೆ ಆನೆಯ ತೊಗಲು

ಒಂದು ಚಿತ್ರ. ಬೆಕ್ಕಿನ ಮುಖ, ಬೆಕ್ಕಿನ ಕಿವಿ, ಬೆಕ್ಕಿನದೇ ಮೈಕಟ್ಟು. ತುಪ್ಪಳದ ಜಾಗದಲ್ಲಿ ಮಾತ್ರ ಆನೆಯ ಸುಕ್ಕುಗಟ್ಟಿದ ಬೂದು ತೊಗಲು. ಯಾವ ಮಗುವನ್ನು ಕೇಳಿದರೂ ಬೆಕ್ಕು ಎನ್ನುತ್ತದೆ, ಕಿಸಕ್ಕನೆ ನಗುತ್ತದೆ ಕೂಡ. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ರಾಬರ್ಟ್ ಗೈರ್‌ಹೋಸ್ ಮತ್ತು ಸಂಗಡಿಗರು ಇದನ್ನು ಕಂಪ್ಯೂಟರಿಗೆ ತೋರಿಸಿದರು. 2019ರ ಅವರ ಪ್ರಬಂಧದಲ್ಲಿ ಅದರ ಉತ್ತರ ದಾಖಲಾಗಿದೆ: ಭಾರತದ ಆನೆ, ಶೇ. 63.9ರಷ್ಟು ಖಾತರಿ.

ಕುರುಡರು ಆನೆ ಮುಟ್ಟಿದ ಕಥೆಯಲ್ಲಿ ಎದುರಿಗೆ ಆನೆಯಾದರೂ ಇತ್ತು.

ಕಂಪ್ಯೂಟರಿಗೆ ಚಿತ್ರವೆಂದರೆ ಬರೀ ಅಂಕಿಗಳ ರಾಶಿ. ಒಂದೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿಯ ಲೆಕ್ಕದಲ್ಲಿ ಮೂರು ಅಂಕಿ. ಒಂದೊಂದೂ ಸಾಮಾನ್ಯವಾಗಿ 0ಯಿಂದ 255ರೊಳಗೆ. ಸಾವಿರಕ್ಕೆ ಸಾವಿರ ಚುಕ್ಕಿಯ ಫೋಟೊದಲ್ಲಿ 30 ಲಕ್ಷ ಅಂಕಿಗಳಾದವು. ಇದರೊಳಗೆ ಬೆಕ್ಕು ಎಲ್ಲಿ ಕೂತಿದೆ? ನೋಡುವುದು ನಮಗೆ ಸಲೀಸಾದ್ದರಿಂದ ಕೆಲಸವೂ ಸುಲಭವೆಂದು ಹಿಂದಿನವರು ನಂಬಿದ್ದರು. 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸೀಮೋರ್ ಪ್ಯಾಪರ್ಟ್ ಕಂಪ್ಯೂಟರಿಗೆ ನೋಡಲು ಕಲಿಸುವುದನ್ನು ಬೇಸಿಗೆಯ ಯೋಜನೆಯಾಗಿ ಹಮ್ಮಿಕೊಂಡರು. ಬೇಸಿಗೆ ಮುಗಿಯಿತು, ಲೆಕ್ಕ ಮುಗಿಯಲಿಲ್ಲ.

ದಾರಿ ತಿರುಗಿದ್ದು 2012ರಲ್ಲಿ. ನಿಯಮ ಹೇಳಿಕೊಡುವ ಗೋಜಿಗೆ ಹೋಗದೆ, ಫೆಯಿ-ಫೆಯಿ ಲೀ ಮುಂದಾಳತ್ವದ ಇಮೇಜ್‌ನೆಟ್ ಸಂಗ್ರಹದಿಂದ ಹೆಸರು ಬರೆದಿಟ್ಟ ಸುಮಾರು 12 ಲಕ್ಷ ಚಿತ್ರಗಳನ್ನು ಉದಾಹರಣೆಗಳಿಂದ ಕಲಿಯುವ ಅಲೆಕ್ಸ್‌ನೆಟ್ ಎಂಬ ಕಂಪ್ಯೂಟರ್ ಜಾಲಕ್ಕೆ ಸಂಶೋಧಕರು ಉಣಿಸಿದರು. ಚಿತ್ರಕ್ಕೆ ಐದು ಊಹೆಗೆ ಅವಕಾಶವಿದ್ದ ಗುರುತಿಸುವ ಸ್ಪರ್ಧೆಯಲ್ಲಿ ಅದು ತಪ್ಪಿದ್ದು ಶೇ. 15.3 ಚಿತ್ರಗಳಲ್ಲಿ, ಎರಡನೆಯವರು ಶೇ. 26.2ರಲ್ಲಿ.

ಉತ್ತರ ಸರಿಬಂದರೆ ಸಾಕು ಎಂದೆವು. ಯಾವ ಗುರುತು ಹಿಡಿದು ಉತ್ತರ ಹೇಳಬೇಕೆಂದು ಹೇಳಲಿಲ್ಲ. ಬುದ್ಧಿವಂತ ಸೋಮಾರಿಯಂತೆ ಜಾಲ ಕೈಗೆ ಮೊದಲು ಸಿಕ್ಕಿದ್ದನ್ನೇ ಹಿಡಿಯಿತು: ತೊಗಲು, ಹಿನ್ನೆಲೆ. ಹುಲ್ಲುಗಾವಲಿನ ಹಸುವನ್ನು ಥಟ್ಟನೆ ಗುರುತಿಸುವ ಜಾಲ ಸಮುದ್ರದ ದಂಡೆಯ ಹಸುವಿನ ಮುಂದೆ ತಡವರಿಸಿದ್ದುಂಟು. (ಗೋಕರ್ಣದ ಮರಳಲ್ಲಿ ದನ ಮೆಲುಕು ಹಾಕುವುದನ್ನು ಕಂಡವರಿಗೆ ಇದು ತಮಾಷೆಯೇ.)

ಹೆಸರು ಹೇಳುವುದನ್ನೇ ನೋಡುವುದು ಎನ್ನಲು ನನಗೆ ಮನಸ್ಸಿಲ್ಲ. ಮೇಜಿನ ಅಂಚಿನಲ್ಲಿ ಹಾಲಿನ ಲೋಟ, ಪಕ್ಕದಲ್ಲಿ ಬೆಕ್ಕು ಕಂಡರೆ ನಮ್ಮ ಕೈ ತಾನಾಗಿ ಲೋಟದತ್ತ ಹೋಗುತ್ತದೆ. ಇನ್ನೂ ಆಗದಿರುವುದೂ ನಮ್ಮ ನೋಟದೊಳಗೆ ಸೇರಿದೆ.

ಬೆಕ್ಕನ್ನು ಆನೆಯೆಂದ ಉತ್ತರವನ್ನು ಗೈರ್‌ಹೋಸ್ ತಂಡ ಅಲ್ಲಿಗೇ ಬಿಡಲಿಲ್ಲ. ಇಮೇಜ್‌ನೆಟ್ ಚಿತ್ರಗಳಿಗೆ ಬೇರೆ ಬೇರೆ ವರ್ಣಚಿತ್ರಗಳ ಮೈಬಣ್ಣ ಬಳಿದು, ತೊಗಲನ್ನು ನಂಬಲಾಗದಂತೆ ಮಾಡಿ, ಜಾಲಕ್ಕೆ ಮತ್ತೆ ಪಾಠ ಹೇಳಿತು. ಆಗ ಅದು ಆಕಾರ ನೋಡತೊಡಗಿತು.