ನಮ್ಮ ಪಿಕಪ್‌ಗೆ ಯಾವ ಆಯಿಲ್?



ಕಳೆದ ತಿಂಗಳು ಈ ಅಂಕಣದಲ್ಲಿ ಟೈರಿನ ಗಾಳಿಯ ಬಗ್ಗೆ ಬರೆದಿದ್ದೆವು. ಅದನ್ನು ಓದಿದ ಕೆಲವರು ಭಾನುವಾರ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಮ್ಮನ್ನು ನಿಲ್ಲಿಸಿ, "ಎಂಜಿನ್ ಆಯಿಲ್ ಬಗ್ಗೆಯೂ ಬರೆಯಿರಿ. ಅಂಗಡಿಗೆ ಹೋದರೆ ಹತ್ತು ಬಣ್ಣದ ಡಬ್ಬಿ ತೋರಿಸುತ್ತಾರೆ, ಯಾವುದನ್ನು ಕೊಳ್ಳಬೇಕೋ ತಿಳಿಯುವುದಿಲ್ಲ" ಎಂದರು. ಅವರ ಮಾತು ನಿಜ. ತಾಳವಾಡಿ ಕಡೆಯ ನಮ್ಮ ಮನೆಗಳಲ್ಲಿ ಪಿಕಪ್ ಎಂದರೆ ಬರೀ ವಾಹನವಲ್ಲ. ಟೊಮೆಟೊ, ಎಲೆಕೋಸು, ಬಾಳೆ ಮಾರುಕಟ್ಟೆಗೆ ಹೋಗುವುದು ಅದರಲ್ಲಿ. ಗೊಬ್ಬರ ಮನೆಗೆ ಬರುವುದು ಅದರಲ್ಲಿ. ಮದುವೆ ಮನೆಗೆ ಪಾತ್ರೆ ಹೋಗುವುದೂ ಅದರಲ್ಲೇ. ಅದು ನಿಂತರೆ ಮನೆಯೇ ನಿಂತಂತೆ.

ಆಯಿಲಿನ ಪಾಠವನ್ನು ನಾವು ಕೈ ಸುಟ್ಟುಕೊಂಡು ಕಲಿತವರು. ಆದ್ದರಿಂದ ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ.

ನಾವು ಮಾಡಿದ ತಪ್ಪು

ನಮ್ಮದು ಎರಡನೇ ಕೈಯಿಂದ ಕೊಂಡ ಹಳೆಯ ಪಿಕಪ್. ಒಂದು ಸಲ ಅದರ ಸೈಲೆನ್ಸರಿನಿಂದ ನೀಲಿ ಹೊಗೆ ಬರತೊಡಗಿತು. ಆಗ ಟೊಮೆಟೊ ಕೊಯ್ಲಿನ ಸಮಯ. ಎಂಜಿನ್ ಬಿಚ್ಚಿಸಲು ಬಿಡುವೂ ಇರಲಿಲ್ಲ, ಹಣವೂ ಇರಲಿಲ್ಲ. ಒಂದು ಅಂಗಡಿಯಲ್ಲಿ ಚಿಕ್ಕ ಬಾಟಲಿ ಕೊಟ್ಟು, "ಇದನ್ನು ಆಯಿಲ್ ಜೊತೆ ಸುರಿಯಿರಿ, ಹೊಗೆ ನಿಲ್ಲುತ್ತದೆ" ಎಂದರು. ಸುರಿದೆವು. ಹೊಗೆ ನಿಜವಾಗಿಯೂ ಕಡಿಮೆಯಾಯಿತು! ನಮಗಾದ ಸಂತೋಷ ಅಷ್ಟಿಷ್ಟಲ್ಲ.

ಒಂದು ತಿಂಗಳಾಗಿರಬಹುದು. ನಮ್ಮ ತಮ್ಮ ಸತ್ಯಮಂಗಲದಿಂದ ಗೊಬ್ಬರದ ಮೂಟೆ ಹೇರಿಕೊಂಡು ದಿಂಬಂ ಘಾಟಿ ಹತ್ತುತ್ತಿದ್ದ. ಬಣ್ಣಾರಿ ದಾಟಿ ಕೆಲವು ತಿರುವು ಹತ್ತಿದ ಮೇಲೆ ಆಯಿಲ್ ದೀಪ ಮಿನುಗಿತು. ತಿರುವಿನಲ್ಲಿ ಹೊತ್ತುತ್ತದೆ, ನೇರ ದಾರಿಯಲ್ಲಿ ಆರುತ್ತದೆ. ವೈರು ಸಡಿಲವಾಗಿರಬೇಕು ಎಂದುಕೊಂಡು ಮುಂದೆ ಸಾಗಿದ. ಇಪ್ಪತ್ತೇಳು ತಿರುವುಗಳ ಘಾಟಿ ಅದು. ಅರ್ಧ ಮುಗಿಯುವುದರೊಳಗೆ ಎಂಜಿನ್ ಟಕಟಕ ಸದ್ದು ಮಾಡಿ ನಿಂತೇಬಿಟ್ಟಿತು.

ಗಾಡಿಯನ್ನು ಎಳೆಸಿಕೊಂಡು ಬಂದೆವು. ಮೆಕ್ಯಾನಿಕ್ ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಆಯಿಲ್ ಕಡ್ಡಿ ತೆಗೆದು ನೋಡಿದ್ದು ಯಾವಾಗ?" ನಮ್ಮಲ್ಲಿ ಯಾರೂ ಬಾಯಿ ತೆರೆಯಲಿಲ್ಲ. ಬಾಟಲಿ ಹಾಕಿದ ದಿನದಿಂದ ಯಾರೂ ನೋಡಿರಲಿಲ್ಲ. ಎಂಜಿನ್ ಮೊದಲಿನಂತೆಯೇ ಆಯಿಲ್ ಕುಡಿಯುತ್ತಿತ್ತು. ಸಂಪಿನಲ್ಲಿ ಉಳಿದಿದ್ದ ಸ್ವಲ್ಪ ಆಯಿಲ್ ಏರಿನಲ್ಲಿ, ತಿರುವಿನಲ್ಲಿ ಒಂದು ಕಡೆಗೆ ಸರಿದಾಗ ಪಂಪು ಗಾಳಿಯನ್ನು ಹೀರಿತ್ತು. ಬೇರಿಂಗುಗಳು ಸವೆದು ಕ್ರ್ಯಾಂಕಿಗೆ ಗೀರು ಬಿದ್ದಿತ್ತು.

ಬಾಟಲಿ ಎಂಜಿನನ್ನು ಕೊಲ್ಲಲಿಲ್ಲ. ಅದು ಹೊಗೆಯನ್ನು ಮರೆಮಾಡಿತು, ನಾವು ಮೈಮರೆತೆವು. ಇಪ್ಪತ್ತು ದಿನ ಗಾಡಿ ಷೆಡ್ಡಿನಲ್ಲಿ ನಿಂತಿತು. ಟೊಮೆಟೊ ಬಾಡಿಗೆ ಗಾಡಿಯಲ್ಲಿ ಹೋಯಿತು. ತಾಯಿಯ ಬಳೆಗಳು ಅಡವಿಗೆ ಹೋದವು.

ಆಯಿಲಿಗೆ ಎಷ್ಟು ಕೆಲಸ!

ಆಯಿಲ್ ಎಂದರೆ ಜಾರುವುದಕ್ಕೆ ಮಾತ್ರ ಎಂದು ತಿಳಿಯಬೇಡಿ. ಅದು ಸವೆತವನ್ನು ತಡೆಯುತ್ತದೆ, ಪಿಸ್ಟನ್ ಮತ್ತು ಬೇರಿಂಗುಗಳ ಬಿಸಿಯನ್ನು ಹೊತ್ತೊಯ್ಯುತ್ತದೆ, ಮಸಿಯನ್ನು ತೊಳೆಯುತ್ತದೆ, ರಿಂಗುಗಳ ಸಂದಿಯನ್ನು ಮುಚ್ಚುತ್ತದೆ, ತುಕ್ಕು ಮತ್ತು ಆಮ್ಲದಿಂದ ಲೋಹವನ್ನು ಕಾಯುತ್ತದೆ. ಡೀಸೆಲ್ ಎಂಜಿನಿನಲ್ಲಿ ಮಸಿ ಹೆಚ್ಚು. ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾದರೆ ಗಾಬರಿಯಾಗಬೇಡಿ. ಮಸಿಯನ್ನು ಹೆಪ್ಪುಗಟ್ಟಲು ಬಿಡದೆ ತನ್ನಲ್ಲೇ ಹಿಡಿದುಕೊಂಡಿದೆ ಎಂದು ಅದರ ಅರ್ಥ.

ಡಬ್ಬಿಯ ಮೇಲಿನ ಅಕ್ಷರಗಳು

ಡಬ್ಬಿಯ ಮೇಲೆ ಎರಡು ಗುರುತುಗಳನ್ನು ಓದಲು ಕಲಿತರೆ ಸಾಕು. ಮೊದಲನೆಯದು ದಪ್ಪ-ತೆಳುವಿನ ಗುರುತು, ಉದಾಹರಣೆಗೆ 15ಡಬ್ಲ್ಯು-40. ಡಬ್ಲ್ಯು ಎಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಕೊರೆಯುವ ಚಳಿಯಲ್ಲಿ ಆಯಿಲ್ ಬೇಗ ಹರಿಯುತ್ತದೆ. ಕೊನೆಯ ಅಂಕಿ ಎಂಜಿನ್ ಬಿಸಿಯಾದಾಗ ಆಯಿಲ್ ಎಷ್ಟು ದಪ್ಪವಾಗಿ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ. 15ಡಬ್ಲ್ಯು ದರ್ಜೆಯ ಆಯಿಲನ್ನು ಸೊನ್ನೆಗಿಂತ 25 ಡಿಗ್ರಿ ಕೆಳಗೂ ಪಂಪು ಎತ್ತಬಲ್ಲದು. ಊಟಿಯಲ್ಲಿ ಹಿಮ ಬೀಳುವ ರಾತ್ರಿಗೂ ಇದು ಧಾರಾಳ! ಹಳೆಯ ಡೀಸೆಲ್ ಪಿಕಪ್‌ಗಳಲ್ಲಿ ಹೆಚ್ಚಿನವು ಕೇಳುವುದು ಈ 15ಡಬ್ಲ್ಯು-40 ಅನ್ನೇ.

ಎರಡನೆಯದು ಗುಣಮಟ್ಟದ ಗುರುತು. ಎಪಿಐ ಎಂಬ ಅಮೆರಿಕದ ಸಂಸ್ಥೆಯ ಪದ್ಧತಿಯಲ್ಲಿ ಎಸ್ ಅಕ್ಷರದಿಂದ ಆರಂಭವಾಗುವುದು ಪೆಟ್ರೋಲ್ ಎಂಜಿನಿಗೆ, ಸಿ ಅಕ್ಷರದಿಂದ ಆರಂಭವಾಗುವುದು ಡೀಸೆಲ್ ಎಂಜಿನಿಗೆ. ಸಿಎಚ್-4, ಸಿಐ-4, ಸಿಜೆ-4, ಸಿಕೆ-4 ಎಂದು ಅಕ್ಷರ ಮುಂದೆ ಹೋದಂತೆ ದರ್ಜೆ ಹೊಸದು. ಸಿಐ-4 ಬಂದದ್ದು 2002ರಲ್ಲಿ, ಸಿಕೆ-4 ಬಂದದ್ದು 2016ರ ಕೊನೆಯಲ್ಲಿ. ಕೈಪಿಡಿ ಸಿಎಚ್-4 ಕೇಳಿದರೆ ಅದೇ ದಪ್ಪದ ಸಿಐ-4 ಅಥವಾ ಸಿಕೆ-4 ಹಾಕಬಹುದು. ಸಿಕೆ-4 ಕೇಳಿದಲ್ಲಿ ಸಿಎಚ್-4 ಹಾಕಬಾರದು. ಎಫ್‌ಎ-4 ಎಂಬ ತೆಳುವಾದ ದರ್ಜೆಯೂ ಉಂಟು. ಕೈಪಿಡಿ ಹೆಸರು ಹಿಡಿದು ಹೇಳದಿದ್ದರೆ ಅದರ ತಂಟೆಗೆ ಹೋಗಬೇಡಿ.

"ನೆಂಟರ ಗಾಡಿಗೆ ಇದನ್ನೇ ಹಾಕುತ್ತಾರೆ" ಎಂಬುದು ಲೆಕ್ಕಕ್ಕಿಲ್ಲ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಏನಿದೆಯೋ ಅದೇ ಸರಿ. ಕೈಪಿಡಿ ಕಳೆದಿದ್ದರೆ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಮಾಡೆಲ್ ಹೇಳಿ ಕೇಳಿ ಬರೆದಿಟ್ಟುಕೊಳ್ಳಿ.

ಬಿಎಸ್-6 ಗಾಡಿಯವರಿಗೆ

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ನಿಯಮ ಜಾರಿಯಲ್ಲಿದೆ. ಈ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಡಿಪಿಎಫ್ ಎಂಬ ಮಸಿ ಸೋಸುವ ಜಾಲರಿ ಇರುತ್ತದೆ. ಅದರಲ್ಲಿ ತುಂಬಿದ ಮಸಿಯನ್ನು ಎಂಜಿನ್ ಆಗಾಗ ತಾನೇ ಸುಟ್ಟುಹಾಕುತ್ತದೆ. ಆದರೆ ಆಯಿಲ್ ಉರಿದು ಬರುವ ಬೂದಿ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಆದ್ದರಿಂದ ಇಂಥ ಗಾಡಿಗೆ ಕಡಿಮೆ ಬೂದಿಯ ಆಯಿಲ್ ಬೇಕು. ಸಿಜೆ-4 ಮತ್ತು ಸಿಕೆ-4 ದರ್ಜೆಗಳಲ್ಲಿ ಬೂದಿಯ ಮಿತಿ ನೂರಕ್ಕೆ ಒಂದು ಅಂಶ. ಕೆಲವು ಎಂಜಿನ್‌ಗಳಿಗೆ 5ಡಬ್ಲ್ಯು-30 ದಪ್ಪದ ಬೇರೆ ದರ್ಜೆಯನ್ನು ಹೇಳಿರುತ್ತಾರೆ. ಮನೆಯಲ್ಲಿ ಹಳೆಯ ಗಾಡಿಗೆಂದು ತಂದ ಆಯಿಲ್ ಮಿಕ್ಕಿದೆ ಎಂದು ಹೊಸ ಗಾಡಿಗೆ ಸುರಿಯಬೇಡಿ. ನೂರಿನ್ನೂರು ಉಳಿಸಲು ಹೋಗಿ ಜಾಲರಿ ಕಟ್ಟಿಕೊಂಡರೆ ಅದರ ಖರ್ಚೇ ಬೇರೆ.

ಇನ್ನೊಂದು ಮಾತು. ತೋಟದಿಂದ ಮಂಡಿಗೆ ಒಂದೆರಡು ಮೈಲಿ ಮಾತ್ರ ಓಡುವ ಗಾಡಿಯಲ್ಲಿ ಮಸಿ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆಗ ಉರಿಯದ ಡೀಸೆಲ್ ಆಯಿಲಿಗೆ ಇಳಿದು, ಕಡ್ಡಿಯಲ್ಲಿ ಮಟ್ಟ ಮೇಲೇರಬಹುದು. ಆಯಿಲ್ ಹೆಚ್ಚಾಯಿತೆಂದು ಹಿಗ್ಗಬೇಡಿ! ತೆಳುವಾದ ಆಯಿಲ್ ಎಂಜಿನನ್ನು ಕಾಯುವುದಿಲ್ಲ, ಬೇಗ ಬದಲಾಯಿಸಬೇಕು.

ಬಾಟಲಿ ಔಷಧಿಗಳು

ಈಗ ನಮ್ಮ ಬಾಟಲಿಗೆ ಬರೋಣ. ಒಳ್ಳೆಯ ಡೀಸೆಲ್ ಆಯಿಲಿನಲ್ಲಿ ಮಸಿ ತೊಳೆಯುವ, ಸವೆತ ತಡೆಯುವ, ಆಮ್ಲ ಕೊಲ್ಲುವ, ನೊರೆ ತಡೆಯುವ ವಸ್ತುಗಳೆಲ್ಲ ತಯಾರಿಸುವಾಗಲೇ ಅಳತೆಯಲ್ಲಿ ಸೇರಿರುತ್ತವೆ. ಅದರ ಮೇಲೆ ನಾವು ಮತ್ತೊಂದು ಸುರಿದರೆ ಆ ಅಳತೆ ಕೆಡುತ್ತದೆ. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಹೇಳಿಲ್ಲವೇ? ಬಿಎಸ್-6 ಗಾಡಿಯಲ್ಲಾದರೆ ಬೂದಿಯೂ ಹೆಚ್ಚಾದೀತು.

ಹೊಗೆ ನಿಲ್ಲಿಸುವ ಬಾಟಲಿಗಳಲ್ಲಿ ಹೆಚ್ಚಾಗಿ ಇರುವುದು ಆಯಿಲನ್ನು ದಪ್ಪ ಮಾಡುವ ವಸ್ತು. ದಪ್ಪವಾದ ಆಯಿಲ್ ಸವೆದ ರಿಂಗಿನ ಸಂದಿಯಲ್ಲಿ ಸ್ವಲ್ಪ ದಿನ ನಿಧಾನವಾಗಿ ಇಳಿಯುತ್ತದೆ, ಅಷ್ಟೇ. ಸವೆದ ಲೋಹ ಬೆಳೆಯುವುದಿಲ್ಲ. ಎಂಜಿನ್ ಒಳಗೆ ಲೇಪ ಕಟ್ಟುತ್ತದೆ ಎಂದು ಮಾರುವ ಬಾಟಲಿಗಳ ಜಾಹೀರಾತಿಗೆ ತಕ್ಕ ಆಧಾರವಿಲ್ಲವೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1990ರ ದಶಕದಲ್ಲೇ ಕೆಲವು ತಯಾರಕರ ಮೇಲೆ ಕ್ರಮ ಕೈಗೊಂಡಿತ್ತು. ಎಂಜಿನ್ ತೊಳೆಯುವ ಫ್ಲಷ್ ದ್ರವವೂ ತುಂಬಾ ಹಳೆಯ ಎಂಜಿನಿಗೆ ಅಪಾಯಕಾರಿ. ಕದಲಿದ ಗಸಿ ಪಂಪಿನ ಜರಡಿಯನ್ನೇ ಮುಚ್ಚಬಹುದು.

ಡೀಸೆಲ್ ಟ್ಯಾಂಕಿಗೆ ಹಾಕುವ ಬಾಟಲಿಗಳೂ ಇವೆ. ಈಗ ಬಂಕಿನಲ್ಲಿ ಸಿಗುವ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷದಲ್ಲಿ 10 ಭಾಗ ಮಾತ್ರ. ಗಂಧಕ ತೆಗೆದಾಗ ಕಡಿಮೆಯಾಗುವ ಜಾರುವ ಗುಣವನ್ನು ತಯಾರಕರೇ ಸರಿಮಾಡಿ ಕಳುಹಿಸಬೇಕೆಂಬ ನಿಯಮವಿದೆ. ಚಳಿಗೆ ಡೀಸೆಲ್ ಹೆಪ್ಪುಗಟ್ಟದಂತೆ ತಡೆಯುವ ಬಾಟಲಿ ಲಡಾಖಿನಂಥ ಕಡೆಗೆ ಬೇಕಾದೀತು, ನಮ್ಮ ಬೆಟ್ಟಕ್ಕಲ್ಲ. ಸೀಮೆಎಣ್ಣೆ ಬೆರೆಸುವುದಂತೂ ಪಂಪು ಮತ್ತು ಇಂಜೆಕ್ಟರುಗಳಿಗೆ ಮೃತ್ಯು. ಬಾಟಲಿಗೆ ಕೊಡುವ ಹಣದಲ್ಲಿ ಡೀಸೆಲ್ ಫಿಲ್ಟರ್ ಬದಲಿಸಿ, ನೀರು ಬೇರ್ಪಡಿಸುವ ಬಟ್ಟಲಿನ ನೀರು ಇಳಿಸಿ, ಗುಣ ಕಾಣುವಿರಿ.

ಕೆಲವು ಬಿಎಸ್-6 ಗಾಡಿಗಳಿಗೆ ಯೂರಿಯಾ ದ್ರವದ ಬೇರೆ ಟ್ಯಾಂಕ್ ಇರುತ್ತದೆ. ಅದರಲ್ಲಿ ನೂರಕ್ಕೆ 32.5 ಅಂಶ ಶುದ್ಧ ಯೂರಿಯಾ, ಉಳಿದದ್ದು ಶುದ್ಧೀಕರಿಸಿದ ನೀರು. ಹೊಲಕ್ಕೆ ತಂದ ಯೂರಿಯಾವನ್ನು ಬಾವಿ ನೀರಿನಲ್ಲಿ ಕರಗಿಸಿ ಹಾಕುವ ಯೋಚನೆ ಯಾರಿಗೂ ಬೇಡ. 2015ರಿಂದ ನಮ್ಮ ದೇಶದ ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪ ಕಡ್ಡಾಯ. ಆ ಎಣ್ಣೆಯೂ ನೀರಿನ ಲವಣವೂ ಸೇರಿ ದುಬಾರಿ ಉಪಕರಣವನ್ನೇ ಹಾಳುಮಾಡುತ್ತವೆ. ಈ ದ್ರವವನ್ನು ಮರೆತು ಡೀಸೆಲ್ ಟ್ಯಾಂಕಿಗೆ ಸುರಿದರೆ ಕೀಲಿ ತಿರುಗಿಸಬೇಡಿ. ಮೊದಲು ಟ್ಯಾಂಕ್ ಖಾಲಿ ಮಾಡಿಸಿ.

ಕೊಳ್ಳುವಾಗ, ಬದಲಿಸುವಾಗ

ಮೂತಿಯ ಸೀಲು ನೋಡಿ, ತಯಾರಾದ ತಿಂಗಳು ನೋಡಿ, ಬಿಲ್ ಕೇಳಿ ಪಡೆಯಿರಿ. ಖಾಲಿ ಡಬ್ಬಿಗೆ ತೂತು ಹೊಡೆದು ಕೊಡಿ, ನಕಲಿ ಆಯಿಲ್ ತುಂಬುವವರಿಗೆ ಅದು ಸಿಗದಿರಲಿ. ಆಯಿಲ್ ಬದಲಿಸುವಾಗ ಫಿಲ್ಟರನ್ನೂ ಬದಲಿಸಿ. ಘಾಟಿ, ಧೂಳು, ತುಂಬು ಹೊರೆ ಇವುಗಳಲ್ಲಿ ದುಡಿಯುವ ಗಾಡಿಗೆ ಕೈಪಿಡಿಯಲ್ಲಿ ಕಠಿಣ ಬಳಕೆಯ ಅವಧಿ ಎಂದು ಬೇರೆ ಇರುತ್ತದೆ. ನಮ್ಮ ಕಡೆಯವರು ಅದನ್ನೇ ಪಾಲಿಸಬೇಕು. ಹಳೆಯ ಆಯಿಲನ್ನು ಬದುವಿಗೋ ಹಳ್ಳಕ್ಕೋ ಚೆಲ್ಲಬೇಡಿ. ಆ ನೀರನ್ನು ಕುಡಿಯುವವರು ನಮ್ಮ ಮಕ್ಕಳು, ನಮ್ಮ ದನಗಳು. ಡಬ್ಬಿಯಲ್ಲಿ ತುಂಬಿ ವರ್ಕ್‌ಷಾಪಿಗೆ ಒಪ್ಪಿಸಿ.

ವಾರಕ್ಕೊಮ್ಮೆ ಎರಡು ನಿಮಿಷ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕೆಲವು ನಿಮಿಷ ಬಿಡಿ. ಕಡ್ಡಿ ತೆಗೆದು ಒರೆಸಿ, ಮತ್ತೆ ಅದ್ದಿ ನೋಡಿ. ಆಯಿಲ್ ಎರಡು ಗೆರೆಗಳ ನಡುವೆ ಇರಬೇಕು. ಕೆಳಗಿನ ಗೆರೆ ಮುಟ್ಟಿದ್ದರೆ ಅದೇ ದರ್ಜೆಯ ಆಯಿಲ್ ಸ್ವಲ್ಪ ಸ್ವಲ್ಪವೇ ಸೇರಿಸಿ. ಮೇಲಿನ ಗೆರೆ ಮೀರಬಾರದು. ಮೀರಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ. ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಆಯಿಲಿಗೆ ನೀರು ಸೇರಿದೆ ಎಂದರ್ಥ, ಗಾಡಿ ಓಡಿಸಬೇಡಿ. ನೀಲಿ ಹೊಗೆ ಆಯಿಲ್ ಉರಿಯುವ ಗುರುತು, ಕಪ್ಪು ಹೊಗೆ ಹೆಚ್ಚಾಗಿ ಗಾಳಿ ಫಿಲ್ಟರ್ ಅಥವಾ ಇಂಜೆಕ್ಟರಿನ ದೂರು. ಆಯಿಲ್ ದೀಪ ಮಿನುಗಿದರೆ "ಇನ್ನೊಂದು ತಿರುವು ಹತ್ತಿಬಿಡೋಣ" ಎನ್ನದೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ.

ತಾಯಿಯ ಬಳೆಗಳನ್ನು ಬಿಡಿಸಿಕೊಳ್ಳಲು ನಮಗೆ ಎರಡು ಬೆಳೆ ಬೇಕಾದವು. ಅವರು ಅದನ್ನು ಎತ್ತಿ ಆಡಿದವರಲ್ಲ. ಆದರೆ ಪ್ರತಿ ಶನಿವಾರ ಸಂಜೆ ತಮ್ಮ ಗಾಡಿ ತಂದು ನಿಲ್ಲಿಸಿದರೆ, ಅಡುಗೆಮನೆಯಿಂದಲೇ ಕೇಳುತ್ತಾರೆ: "ಕಡ್ಡಿ ನೋಡಿದೆಯಾ?" ನಿಮ್ಮ ಮನೆಯಲ್ಲೂ ಹೀಗೆ ಕೇಳುವವರೊಬ್ಬರು ಇರಲಿ.

ಮುಂದಿನ ತಿಂಗಳು ಬ್ಯಾಟರಿಯ ಆರೈಕೆಯ ಬಗ್ಗೆ ನೋಡೋಣ.